ಆಟಿಯ ಎಲೆಗೆ ಮಲಾಯಿ ಬೆಂಡೆ

ನಮ್ಮವರು ತೀರಿಕೊಂಡ ದಿನ ಅಡುಗೆಮನೆಯ ಮೇಜಿನ ಮೇಲೆ ತೊಳೆದ ಬೆಂಡೆಕಾಯಿ ಹರಡಿತ್ತು.

ಅಂದು ಶುಕ್ರವಾರ. ಮಸ್ಕತ್ತಿನಲ್ಲಿ ರಜೆಯ ದಿನ. ಖುರುಮಿನ ಒಂದು ಹೋಟೆಲಿನಲ್ಲಿ ಕೆಲಸಗಾರರಿಗೆ ಅಡುಗೆ ಮಾಡುವುದು ಅವರ ಉದ್ಯೋಗ. ವಾರವೆಲ್ಲ ಅಲ್ಲಿ ಬೆಂಕಿಯ ಮುಂದೆ ನಿಂತರೂ ಶುಕ್ರವಾರ ಮನೆಯಲ್ಲಿ ಒಂದು ಅಡುಗೆ ಮಾಡದೆ ಅವರಿಗೆ ಸಮಾಧಾನವಿರಲಿಲ್ಲ. ಅದು ಮಲಾಯಿ ಬೆಂಡೆ. ಹಿಂದೆ ಅವರ ಜೊತೆಗೆ ದುಡಿಯುತ್ತಿದ್ದ ಮಲೇಷಿಯಾದ ಅಡುಗೆಯವನೊಬ್ಬನಿಂದ ಕಲಿತದ್ದು. ಆತ ತನ್ನ ಊರಿಗೆ ಮರಳಿ ಹಲವು ವರ್ಷಗಳಾಗಿದ್ದವು. ಅವನ ಬೆಂಡೆ ಮತ್ರಾದ ನಮ್ಮ ಮನೆಯಲ್ಲಿ ಉಳಿದುಕೊಂಡಿತ್ತು.

ಹಿಂದಿನ ಸಂಜೆ ತಾವೇ ಆರಿಸಿ ತಂದಿದ್ದ ಬೆಂಡೆಯನ್ನು ಅವರು ಬೆಳಿಗ್ಗೆ ತೊಳೆದು, ಒಂದಕ್ಕೊಂದು ತಾಗದಂತೆ ಬಟ್ಟೆಯ ಮೇಲೆ ಹರಡಿದರು. "ಇದು ಒಣಗುವಷ್ಟರಲ್ಲಿ ಸ್ವಲ್ಪ ಬೆನ್ನು ಚಾಚಿ ಬರ್ತೇನೆ" ಎಂದು ಒಳಗೆ ಹೋದರು. ಬೆಂಡೆ ಒಣಗಿತು. ಅವರು ಏಳಲಿಲ್ಲ.

ಹೃದಯ ನಿಂತಿತೆಂದು ಡಾಕ್ಟರರು ಹೇಳಿದರು. ಊರಿಗೆ ಕೊಂಡುಹೋಗಿ ಪಡುಬಿದ್ರಿಯಲ್ಲಿ ದಹನ ಮಾಡಿದೆವು, ಕ್ರಿಯೆಗಳನ್ನೆಲ್ಲ ಮುಗಿಸಿದೆವು. ಬಳಿಕ ಮಗ ಪ್ರೇಮನಾಥ, ಸೊಸೆ ಸ್ವರ್ಣಲತಾ ಮತ್ತು ನಾನು ಮಸ್ಕತ್ತಿಗೆ ಮರಳಿದೆವು. ಇದು ೧೯೮೮ರ ಮಾತು.

ಜುಲೈ ನಡುವಿನಲ್ಲಿ ತೊಡಗುವ ಆಟಿ ತಿಂಗಳು ಹತ್ತಿರ ಬಂತು. ನಮ್ಮ ತುಳುವರಲ್ಲಿ ಆಟಿಯಲ್ಲಿ ಸತ್ತವರಿಗೆ ಬಡಿಸುವ ಕ್ರಮವಿದೆ. ಬದುಕಿದ್ದಾಗ ಅವರು ಬಯಸಿ ಉಣ್ಣುತ್ತಿದ್ದುದನ್ನು ಮಾಡಿ, ಬಾಳೆಲೆಯಲ್ಲಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ. ಬರುತ್ತಾರೆಯೇ ಎಂದು ನಾನು ಯಾರನ್ನೂ ಕೇಳಿದವಳಲ್ಲ. ಮನೆಯವರು ಮನೆಗೆ ಬರುತ್ತಾರೆ.

ಕೋಳಿ ಸಾರು, ರೊಟ್ಟಿ, ಅಂಜಲ್ ಮೀನು, ಇವುಗಳ ಚಿಂತೆ ನನಗಿರಲಿಲ್ಲ. ಅವನ್ನು ನಾನು ಕಣ್ಣು ಮುಚ್ಚಿ ಮಾಡಬಲ್ಲೆ. ಆದರೆ ಅವರು ಮಾಡಲು ಹೊರಟು, ಉಣ್ಣದೆ ಹೋದದ್ದು ಬೆಂಡೆ. ಆ ಬಯಕೆಯನ್ನು ಹೊತ್ತುಕೊಂಡೇ ಹೋಗಿದ್ದರು. ಮೊದಲ ಆಟಿಯಲ್ಲಿ ಅದು ಎಲೆಯ ಮೇಲೆ ಇರಲೇಬೇಕು, ಅವರು ಮಾಡಿದ ಹಾಗೆಯೇ ಇರಬೇಕು. ನಾನಾದರೋ ಅದನ್ನು ಒಮ್ಮೆಯೂ ಮಾಡಿದವಳಲ್ಲ. ಶುಕ್ರವಾರ ಅವರು ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಇಣುಕಿದರೆ, "ಇವತ್ತು ನೀನು ಗಿರಾಕಿ. ಹೊರಗೆ ಕೂತ್ಕೋ" ಎನ್ನುತ್ತಿದ್ದರು. ಹಾಗಾಗಿ ಆ ರುಚಿ ನನ್ನ ನಾಲಗೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಬಡಿಸುವಾಗ ಕರೆಯಲು ಮನೆತನದ ಹಿರಿಯರು ಬೇಕು. ನಮ್ಮವರ ದೊಡ್ಡಪ್ಪನ ಮಗ ಕೊಗ್ಗ ಬಾವ ಘಾಲಾದ ಒಂದು ಗ್ಯಾರೇಜಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಕ್ರಮಗಳನ್ನು ತಿಳಿದವರು, ಬಾಯಿ ಸ್ವಲ್ಪ ಜೋರು. ಮನೆಗೆ ಕರೆಸಿ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ.

"ಊರಲ್ಲಿ ಅವನ ತಮ್ಮ ಬಡಿಸ್ತಾನಲ್ಲ ಸುಂದರಿ? ಎರಡು ಕಡೆ ಎಲೆ ಹಾಕಿದ್ರೆ ಅವ ಎಲ್ಲಿಗೆ ಅಂತ ಹೋಗುದು?"

"ಎರಡು ಕಡೆಗೂ ಬರ್ಲಿ ಬಾವ. ಬದುಕಿರುವಾಗ ಮದುವೆ ಸೀಸನಿನಲ್ಲಿ ಒಂದೇ ದಿನ ಮೂರು ಕಡೆ ಉಣ್ತಾ ಇರ್ಲಿಲ್ವಾ?"

"ಸಮುದ್ರ ದಾಟಿ ಬರ್ಬೇಕು ಮಾರಾಯ್ತಿ. ವೀಸಾ ಯಾರು ಕೊಡುದು? ಅವನಿಗೆ ಜಾಮೀನು ನಿಲ್ಲುವ ಕಫೀಲ್ ಈಗ ಯಾರು?"

"ನಾನೇ" ಎಂದೆ.

ಬಾವ ನಕ್ಕುಬಿಟ್ಟರು. ಬಳಿಕ ಕನ್ನಡಕ ತೆಗೆದು ಒರಸಿಕೊಂಡರು. "ಆಯ್ತು. ಶುಕ್ರವಾರ ಇಟ್ಟುಕೊಳ್ಳುವ. ಆದ್ರೆ ಕ್ರಮ ಕ್ರಮವೇ, ಗಲ್ಫ್ ಅಂತ ಸಡಿಲ ಬಿಡ್ಲಿಕ್ಕಿಲ್ಲ."

ಅವರು ಹೇಳದಿದ್ದರೂ ಬಿಡುವವಳು ನಾನಲ್ಲ. ನಮ್ಮ ಮನೆಯ ಕ್ರಮ ಹೀಗಿದೆ: ಮಿಂದು, ಒಗೆದ ಬಟ್ಟೆ ಉಟ್ಟು ಅಡುಗೆ ಮಾಡಬೇಕು. ಉಪ್ಪು ಹುಳಿ ನೋಡಲೆಂದು ನಾಲಗೆಗೆ ಮುಟ್ಟಿಸಬಾರದು. ರುಚಿ ನೋಡಿದರೆ ಅದು ಎಂಜಲು. ಯಾರ ಕಣ್ಣೂ ಬೀಳದಂತೆ ಎಲ್ಲವನ್ನೂ ಮುಚ್ಚಿಡಬೇಕು. ಎಲೆ ಹಾಕುವ ಮೊದಲು ಒಲೆ ಆರಿರಬೇಕು. ಬೆಂಕಿಯಲ್ಲಿ ಹೋದವರನ್ನು ಒಲೆ ಉರಿಯುವ ಮನೆಗೆ ಕರೆಯಬಾರದೆಂದು ಕೊಗ್ಗ ಬಾವನ ತಾಯಿ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದ ವರ್ಷ ಅವರೇ ನನಗೆ ಇದನ್ನೆಲ್ಲ ಕಲಿಸಿದರು.

ರುಚಿ ನೋಡದೆ ಮಾಡಬೇಕಾದ ಅಡುಗೆಯನ್ನು ಮೊದಲೇ ಕೈಗೆ ಕಲಿಸಿಕೊಳ್ಳಬೇಕು. ಆ ದಿನಕ್ಕೆ ಮೊದಲಿನ ವಾರಗಳಲ್ಲಿ ಎಷ್ಟು ಬೇಕಾದರೂ ತಿಂದು ನೋಡಬಹುದಲ್ಲ! ನಾನು ಕಲಿಯಲು ನಿಂತೆ.

ಮಸಾಲೆ ಕಷ್ಟವಾಗಲಿಲ್ಲ. ಹಾಲಿನ ಪುಡಿಯ ಹಳೆಯ ಡಬ್ಬಿಯಲ್ಲಿ ಬೆಲಾಚಾನ್ ಇತ್ತು. ಸಿಗಡಿಯನ್ನು ಉಪ್ಪು ಹಾಕಿ ಕುಟ್ಟಿ ಒಣಗಿಸಿದ ಕಪ್ಪು ಗಟ್ಟಿ ಅದು. ನಮ್ಮ ಒಣ ಸಿಗಡಿಯ ದೊಡ್ಡಣ್ಣನೆನ್ನಬಹುದು, ವಾಸನೆಯೂ ಅಷ್ಟೇ ದೊಡ್ಡದು. ಅದರ ಒಂದು ಚೂರನ್ನು ಒಲೆಯ ಮೇಲೆ ಸುಟ್ಟೆ. ಇಡೀ ಮನೆ ಶುಕ್ರವಾರದ ಮನೆಯಾಯಿತು. ಸ್ವರ್ಣಲತಾ ಬಾಲ್ಕನಿಗೆ ಹೋಗಿ ನಿಂತಳು. ನೆನೆಸಿದ ಕೆಂಪು ಮೆಣಸು, ಸಣ್ಣ ನೀರುಳ್ಳಿ, ಸುಟ್ಟ ಚೂರು, ಇವನ್ನು ಮಿಕ್ಸಿಗೆ ಹಾಕದೆ ಕುಟ್ಟಾಣಿಯಲ್ಲಿ ಕುಟ್ಟಿದೆ. ಅವರ ಬೆಂಡೆಯಲ್ಲಿ ಮೆಣಸಿನ ಸಿಪ್ಪೆ ಹಲ್ಲಿಗೆ ಸಿಗುತ್ತಿತ್ತು. ಮಿಕ್ಸಿಯಲ್ಲಿ ಅರೆದರೆ ಹಾಗೆ ಸಿಗುವುದಿಲ್ಲ. ಬಾಣಲೆಯಲ್ಲಿ ಎಣ್ಣೆ ಬಿಟ್ಟುಕೊಂಡು ಒಂದು ಬದಿಗೆ ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಹುರಿದೆ. ಹುಣಸೆಹುಳಿಯ ರಸ, ಒಂದು ಚೂರು ಬೆಲ್ಲ. ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ. ಅದೇ. ಮಲೇಷಿಯಾದವನು ಬೆಲ್ಲ ಹಾಕಿರಲಿಕ್ಕಿಲ್ಲ, ಅದು ಪಡುಬಿದ್ರಿಯ ಕೈ. ಉಪ್ಪು ಚಿಟಿಕೆಯಷ್ಟು ಸಾಕು, ಬೆಲಾಚಾನಿನಲ್ಲಿಯೇ ಬೇಕಾದಷ್ಟಿದೆ.

ಸೋತದ್ದು ಬೆಂಡೆಯಲ್ಲಿ.

ಎದುರು ಮನೆಯಲ್ಲಿ ಮಂಗಳೂರಿನ ಆಗ್ನೆಸ್ ಬಾಯಿ ಇದ್ದರು. ಖುರುಮಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಮ್ಮವರ ಬೆಂಡೆ ವಾರವಾರವೂ ಒಂದು ಬಟ್ಟಲು ಅವರ ಮನೆಗೆ ಹೋಗುತ್ತಿತ್ತು. ಹಾಗಾಗಿ ಪರೀಕ್ಷೆಗೆ ಅವರನ್ನೇ ಕೂರಿಸಿದೆ. ಆಗ್ನೆಸ್ ಬಾಯಿ ಒಂದು ತುಂಡು ಎತ್ತಿದರು. ತುಂಡಿನ ಹಿಂದೆ ಉದ್ದದ ನೂಲು ಎದ್ದು ಬಂತು.

"ದೇವರೇ, ಇದೆಂತ ಸುಂದರಿ ಬಾಯಿ, ಗಮ್ಮಾ? ಒಂದು ಬಾಟ್ಲಿಗೆ ಹಾಕಿ ಕೊಡಿ, ಆಫೀಸಲ್ಲಿ ಲಕೋಟೆ ಅಂಟಿಸ್ಲಿಕ್ಕೆ ಆಗ್ತದೆ."

"ಮಸಾಲೆ ಹೇಗುಂಟು, ಅದು ಹೇಳಿ."

"ಮಸಾಲೆ ಅವರದ್ದೇ. ಬೆಂಡೆ ಮಾತ್ರ ನಿಮ್ಮದು."

ನಾನು ಮಾಡಿದ್ದಾದರೂ ಏನು? ನಾವು ಊರಲ್ಲಿ ಯಾವ ಪಲ್ಯವನ್ನಾದರೂ ಮಾಡುವಂತೆಯೇ ಮಾಡಿದ್ದೆ. ತೊಳೆದು, ಕತ್ತರಿಸಿ, ಉಪ್ಪು ಹಾಕಿ, ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿ ನೀರು ಹೊಯ್ದು, ಹದವಾದ ಉಗಿಯಲ್ಲಿ ಬೇಯಿಸಿದ್ದೆ. ಅಡಿ ಹಿಡಿಯುವುದಿಲ್ಲ, ಎಣ್ಣೆ ಕಡಿಮೆ ಸಾಕು. ನನ್ನ ತಾಯಿ ಹಾಗೆ ಮಾಡಿದ್ದು, ಅವಳ ತಾಯಿ ಹಾಗೆ ಮಾಡಿದ್ದು.

ಮರುದಿನ ಹೂ ಕಟ್ಟುತ್ತಾ ಕುಳಿತಾಗ ಶುಕ್ರವಾರಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಆ ಹೊತ್ತಿಗೆ ನಾನು ಅಡುಗೆಮನೆಯ ಬಾಗಿಲಿನ ಹೊರಗೆ ದೇವರಿಗೆ ಹೂ ಕಟ್ಟುತ್ತಾ ಕುಳಿತಿರುತ್ತಿದ್ದೆ. ಕಣ್ಣಿಗೆ ಕಾಣದಿದ್ದರೂ ಕಿವಿಗೆ ಎಲ್ಲವೂ ಕೇಳುತ್ತಿತ್ತು. ಕುಟ್ಟಾಣಿಯ ಸದ್ದು. ದೋಸೆ ಕಾವಲಿಯನ್ನು ಒಲೆಗೆ ಇಡುವ ಸದ್ದು. ಆಮೇಲೆ ಚಟಚಟ ಎನ್ನುವ ಒಣ ಸದ್ದು, ಅದು ನಿಲ್ಲುವುದು, ಮತ್ತೆ ಶುರುವಾಗುವುದು. ಇಷ್ಟರಲ್ಲಿ ತಟ್ಟೆ ಮುಚ್ಚುವ ಸದ್ದು ಎಲ್ಲಿತ್ತು? ಎಷ್ಟು ನೆನೆದರೂ ಅದು ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಶುಕ್ರವಾರವೂ ನಾನು ಮುಚ್ಚಳದ ಸದ್ದು ಕೇಳಿರಲಿಲ್ಲ.

ಹೂವನ್ನು ಅಲ್ಲಿಯೇ ಬಿಟ್ಟು ಎದ್ದೆ. ತೊಳೆದು ಚೆನ್ನಾಗಿ ಒಣಗಿಸಿದ ಬೆಂಡೆಯನ್ನು ಓರೆಯಾಗಿ ಕತ್ತರಿಸಿ, ಕಾದ ಕಬ್ಬಿಣದ ಕಾವಲಿಯ ಮೇಲೆ ಬರೀ ಒಂದು ಹಿಡಿಯಷ್ಟು ಹರಡಿದೆ. ಒಂದರ ಮೇಲೊಂದು ಬೀಳಲು ಬಿಡಲಿಲ್ಲ. ಉಪ್ಪಿಲ್ಲ, ಮುಚ್ಚಳವಿಲ್ಲ, ದೊಡ್ಡ ಉರಿ. ಚಟಚಟ ಎಂದಿತು. ಮೈಯಲ್ಲಿ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದೊಡನೆ ತೆಗೆದು, ಇನ್ನೊಂದು ಹಿಡಿ ಹಾಕಿದೆ. ಸದ್ದು ನಿಂತು ಮತ್ತೆ ಶುರುವಾಗುವುದು ಇದೇ ಎಂದು ಆಗ ತಿಳಿಯಿತು. ಕೊನೆಗೆ ಮಸಾಲೆಯಲ್ಲಿ ಒಮ್ಮೆ ಹೊರಳಿಸಿ ಇಳಿಸಿದೆ.

ಆಗ್ನೆಸ್ ಬಾಯಿ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರು. ಹಲ್ಲಿನಲ್ಲಿ ಬೆಂಡೆ ಮುರಿದ ಸದ್ದು ನನಗೂ ಕೇಳಿಸಿತು. ಅವರು ತಮಾಷೆ ಮಾಡಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, "ಸಂಕಪ್ಪಣ್ಣ ಈಗ ಇಲ್ಲೇ ಬಾಗಿಲಿನ ಹತ್ತಿರ ನಿಂತಿದ್ದಾರೆ ಅಂತ ಕಾಣ್ತದೆ" ಎಂದರು. ನಾನು ಅವರಿಗೆ ಇನ್ನಷ್ಟು ಬಡಿಸಿದೆ.

ಹೀಗೆ ಕೈ ಕಲಿತಿತು. ಮತ್ತೊಂದು ಸಲ ಮಾಡಿದೆ, ಇನ್ನೂ ಒಂದು ಸಲ ಮಾಡಿದೆ. ನಾಲಗೆಯನ್ನು ಕೇಳದೆಯೇ ಮಾಡಬಲ್ಲೆ ಎಂಬ ಧೈರ್ಯ ಬಂತು.

ಬಡಿಸುವ ಶುಕ್ರವಾರ ಬಂತು. ನಾನು ನಸುಕಿನಲ್ಲಿ ಮಿಂದು ಅಡುಗೆಗೆ ನಿಂತೆ. ಸ್ವರ್ಣಲತಾ ಜೊತೆಗಿದ್ದಳು. ಕೋಳಿ ಆಯಿತು, ಮೀನು ಆಯಿತು. ಎರಡು ಬಟ್ಟಲು ತುಂಬ ಮಸಾಲೆ ಹುರಿದು, ಮಲಾಯಿ ಬೆಂಡೆಯೂ ಮಧ್ಯಾಹ್ನಕ್ಕೆ ಮೊದಲೇ ಮುಗಿಯಿತು. ಹಸಿರು ಮಾಸದೆ, ಮೈತುಂಬ ಕೆಂಪು ಹಚ್ಚಿಕೊಂಡು ಬಹಳ ಚೆನ್ನಾಗಿ ಬಂದಿತ್ತು. ಒಂದು ಬಟ್ಟಲು ಮಸಾಲೆ ಉಳಿಯಿತು. ಎಲ್ಲವನ್ನೂ ಕ್ರಮದಂತೆ ತಟ್ಟೆಗಳಿಂದ ಮುಚ್ಚಿ, ಒಳಕೋಣೆಯಲ್ಲಿ ಸಾಲಾಗಿ ಇಟ್ಟೆವು. ಸಂಜೆ ದೀಪ ಹಚ್ಚಿದ ಮೇಲೆ ಬಡಿಸುವುದು.

ಊಟದ ಹೊತ್ತಿಗೆ ಕೊಗ್ಗ ಬಾವ ಸಲಾಲಾದ ಸೀಯಾಳಗಳನ್ನೂ ಬಾಳೆಲೆಗಳನ್ನೂ ಹೊತ್ತುಕೊಂಡು ಬಂದರು. ಅವುಗಳನ್ನು ಒಳಗಿಡಲು ಹೋದಾಗ ಬೆಂಡೆಯ ಪಾತ್ರೆಯನ್ನು ಸ್ವಲ್ಪ ಸರಿಸಬೇಕಾಯಿತು. ತಟ್ಟೆ ಜಾರಿತು. ಮೇಲೆತ್ತಿ ಸರಿಯಾಗಿ ಮುಚ್ಚಲು ಹೋದವಳು ಹಾಗೆಯೇ ನಿಂತೆ.

ತಟ್ಟೆಯ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಂಡೆ ಬಾಡಿ, ಕಂದಿ, ಒಂದಕ್ಕೊಂದು ಅಂಟಿಕೊಂಡಿತ್ತು. ಸೌಟಿನಿಂದ ಎತ್ತಿದರೆ ಹಿಂದೆಯೇ ನೂಲುಗಳು ಎದ್ದು ಬಂದವು. ಒಲೆಯ ಮೇಲೆ ಮುಚ್ಚಬಾರದೆಂದು ಕಲಿತಿದ್ದೆ. ಇಳಿಸಿದ ಮೇಲೂ ಮುಚ್ಚಬಾರದೆಂದು ಕಲಿತಿರಲಿಲ್ಲ. ಹಿಂದೆ ಮಾಡಿದಾಗಲೆಲ್ಲ ಬಿಸಿಯಿರುವಾಗಲೇ ತಿಂದಿದ್ದೆವು. ಅವರೂ ಹಾಗೆಯೇ ತಿನ್ನುತ್ತಿದ್ದರು, ಬಾಣಲೆಯಿಂದ ನೇರವಾಗಿ ಬಟ್ಟಲಿಗೆ.

ಬಾವ ನನ್ನ ಹೆಗಲಿನ ಹಿಂದಿನಿಂದ ನೋಡಿದರು. "ಇದು ಬೆಂಡೆಯಾ, ಜೇಡನ ಬಲೆಯಾ?"

ಪ್ರೇಮನಾಥನೂ ಬಂದ. "ಇರ್ಲಿ ಅಮ್ಮ. ಉಳಿದದ್ದೆಲ್ಲ ಚೆನ್ನಾಗಿದೆ. ಅಪ್ಪ ಎಂತ ಹೊರಗಿನವರಾ? ಅಡ್ಜಸ್ಟ್ ಮಾಡ್ತಾರೆ."

"ಬದುಕಿರುವಾಗ ಅವರು ಅಡ್ಜಸ್ಟ್ ಮಾಡಿದ್ದು ಸಾಕು" ಎಂದೆ. "ಎಳೆ ಬೆಂಡೆ ತರ್ಬೇಕು. ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ?"

"ಇವತ್ತು ಶುಕ್ರವಾರ. ಮೂರೂವರೆಯ ನಮಾಜು ಆಗ್ಬೇಕಲ್ಲ."

"ಹಾಗಾದ್ರೆ ಆಗ್ಲಿ."

ಸ್ವರ್ಣಲತಾ ಮೆಲ್ಲಗೆ ಹೇಳಿದಳು. "ಅತ್ತೆ, ಹೀಗೆ ಮಾಡುವ. ಎಲೆ ಹಾಕಿದ ಮೇಲೆ ನೀವು ಇಲ್ಲಿ ಹುರೀರಿ, ನಾನು ಬಿಸಿಬಿಸಿ ಕೊಂಡುಹೋಗಿ ಬಡಿಸ್ತೇನೆ."

ಅವಳು ಹೇಳಿದ್ದು ಅಡುಗೆಗೆ ಸರಿ, ಕ್ರಮಕ್ಕೆ ಸರಿಯಲ್ಲ. "ಒಲೆ ಉರಿಯುವಾಗ ಕರೀಲಿಕ್ಕಿಲ್ಲ ಮಗಾ."

"ಮತ್ತೆ? ಮೊದಲೇ ಹುರಿದ್ರೆ ಮುಚ್ಚಬೇಕು. ಮುಚ್ಚಿದ್ರೆ ಪುನಃ ಇದೇ."

"ಅದು ನನಗೆ ಬಿಡು. ಮೊದಲು ಬೆಂಡೆ ಸಿಗ್ಲಿ."

ಮಸೀದಿಯಿಂದ ಜನ ಹೊರಟ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಮತ್ರಾದ ತರಕಾರಿ ಅಂಗಡಿಯ ಮುಂದೆ ನಿಂತಿದ್ದೆವು. ಕಲ್ಲಿನ ನೆಲದಿಂದ ಚಪ್ಪಲಿಯೊಳಕ್ಕೆ ಬಿಸಿ ಹತ್ತುತ್ತಿತ್ತು. ಅಂಗಡಿಯವನು ಬಾಂಗ್ಲಾದವನು. ನಮ್ಮವರು ಅವನ ಹಳೆಯ ಗಿರಾಕಿ, ನನ್ನ ಮುಖ ಮಾತ್ರ ಅವನಿಗೆ ಹೊಸದು. ಬುಟ್ಟಿಯಲ್ಲಿದ್ದ ಬೆಂಡೆಯಲ್ಲಿ ಹೆಚ್ಚಿನವು ಬಲಿತಿದ್ದವು. ನಾನು ಒಂದೊಂದರ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದೆ. ಎಳೆಯದು ಪಟ್ಟನೆ ಮುರಿಯುತ್ತದೆ, ಬಲಿತದ್ದು ಬಗ್ಗುತ್ತದೆ.

"ಅಮ್ಮಾ, ತೋಡೋ ಮತ್!" ಎಂದು ಅವನು ಕೂಗಿದ.

"ತೋಡೇಗಾ ನಹೀ ತೋ ಮಾಲೂಮ್ ಕೈಸಾ?" ಎಂದೆ. ಮುರಿಯದೆ ತಿಳಿಯುವುದು ಹೇಗೆ ಎನ್ನಲು ನನ್ನ ಹಿಂದಿ ಅಷ್ಟೇ. ಕೈ ನಿಲ್ಲಿಸಲಿಲ್ಲ.

ಎಷ್ಟು ಹುಡುಕಿದರೂ ಬೊಗಸೆಯ ಕಾಲುಭಾಗವೂ ತುಂಬಲಿಲ್ಲ. ಆಗ ಪಕ್ಕದಲ್ಲಿ ಇನ್ನೊಂದು ಕೈ ಕಂಡಿತು. ನನ್ನ ಪ್ರಾಯದ ಒಬ್ಬ ಒಮಾನಿ ಹೆಂಗಸು ನನಗಿಂತ ಮೊದಲೇ ಬಂದು, ಬೆರಳುದ್ದದ ಎಳೆ ಕಾಯಿಗಳನ್ನೆಲ್ಲ ತನ್ನ ಬುಟ್ಟಿಗೆ ಆರಿಸಿಕೊಂಡಿದ್ದರು. ಅವರೂ ತುದಿ ಮುರಿದೇ ನೋಡುತ್ತಿದ್ದರು. ಅಂಗಡಿಯವನು ಅವರಿಗೆ ಏನೂ ಹೇಳಿರಲಿಲ್ಲ.

ನಾನು ಅವರ ಬುಟ್ಟಿಯನ್ನು ನೋಡಿದೆ. ಅವರು ಅದನ್ನು ಸ್ವಲ್ಪ ಆಚೆಗೆ ಸರಿಸಿದರು. ನನಗೆ ನಗು ಬಂತು. ಅವರ ಜಾಗದಲ್ಲಿ ನಾನಿದ್ದರೂ ಸರಿಸುತ್ತಿದ್ದೆ.

"ಹೇಳು ಅವರಿಗೆ" ಎಂದು ಸ್ವರ್ಣಲತಾಳಿಗೆ ಅಂದೆ. ಅವಳು ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿದಳು. ಮಾವ ತೀರಿಹೋಗಿದ್ದಾರೆ, ಇವತ್ತು ಅವರ ಹೆಸರಿನಲ್ಲಿ ಅಡುಗೆ, ಅವರಿಗೆ ಈ ಕಾಯಿ ಇಷ್ಟ. ಅಂಗಡಿಯವನು ನನ್ನನ್ನು ಒಮ್ಮೆ ನೋಡಿದ. "ಕುಕ್ ಸಾಬ್ ಕಾ ಘರ್?" ಎಂದು ಕೇಳಿದ. ಸ್ವರ್ಣಲತಾ ಹೌದೆಂದಳು. ಅವನು ಅರಬಿಯಲ್ಲಿ ಆ ಹೆಂಗಸಿಗೆ ತಿಳಿಸಿದ, ನಾವು ಹೇಳಿದ್ದಕ್ಕಿಂತ ಉದ್ದವಾಗಿಯೇ ತಿಳಿಸಿದ.

"ಅಲ್ಲಾ ಯರ್ಹಮೊ" ಎಂದು ಆಕೆ ಹೇಳಿದರು. ದೇವರು ಆತನಿಗೆ ಕರುಣೆ ತೋರಲಿ ಎಂದು ಅರ್ಥ. ಬುಟ್ಟಿಯನ್ನು ನನ್ನ ಸೆರಗಿಗೆ ಬಗ್ಗಿಸಿದರು. ಅರ್ಧ ಸಾಕೆಂದು ನಾನು ಕೈ ಅಡ್ಡ ಹಿಡಿದೆ. ಅವರು ಕೈಯನ್ನು ಬದಿಗೆ ಸರಿಸಿ ಮತ್ತೂ ಒಂದು ಹಿಡಿ ಹಾಕಿ, "ಯಲ್ಲಾ, ಯಲ್ಲಾ" ಎಂದು ನನ್ನನ್ನು ಮನೆಯ ಕಡೆಗೆ ಅಟ್ಟಿದರು.

ಬೆಂಡೆ ತೊಳೆದು ತಾರಸಿಗೆ ಕೊಂಡುಹೋದೆ. ಮಸ್ಕತ್ತಿನ ಜುಲೈ ಬಿಸಿಲು ಒಂದು ಕೆಲಸಕ್ಕಾದರೂ ಒದಗಿತು. ಬಟ್ಟೆಯ ಮೇಲೆ ಹರಡಿ ಒಮ್ಮೆ ತಿರುವುವಷ್ಟರಲ್ಲಿ ಕಾಯಿಗಳು ಒಣಗಿದವು. ಅಲ್ಲಿ ನಿಂತೇ ಯೋಚಿಸಿದೆ. ಮುಚ್ಚಬೇಕೆಂದು ಹಿರಿಯರು ಹೇಳಿದ್ದು ಕಣ್ಣು ಬೀಳಬಾರದೆಂದು. ಉಗಿ ಹೋಗಬಾರದೆಂದು ಯಾರೂ ಹೇಳಿಲ್ಲ. ಕೋಳಿಗೂ ಮೀನಿಗೂ ತಟ್ಟೆ ಆದೀತು. ಬೆಂಡೆ ಉಸಿರಾಡಬೇಕು. ಮತ್ತೆ, ಮಸಾಲೆಯೊಂದಿಗೆ ಮೊದಲೇ ಸೇರಿಸಿ ಇಟ್ಟರೆ ಹುಳಿಯೂ ಉಪ್ಪೂ ಅದರ ನೀರನ್ನು ಬಿಡಿಸುತ್ತವೆ. ಎರಡೂ ಬೇರೆ ಬೇರೆ ಇರಲಿ, ಎಲೆಯ ಮುಂದೆ ಕೂಡಲಿ.

ಕೆಳಗೆ ಬಂದು ಮತ್ತೊಮ್ಮೆ ಮಿಂದೆ. ಕಾಯಿಗಳು ಅಷ್ಟು ಎಳೆಯವಾಗಿದ್ದುದರಿಂದ ಕತ್ತರಿಸಲಿಲ್ಲ. ತೊಟ್ಟನ್ನು ಮಾತ್ರ, ಒಳಗಿನ ಬೀಜದ ಮನೆ ತೆರೆಯದಂತೆ, ಪೆನ್ಸಿಲು ಕೆತ್ತಿದ ಹಾಗೆ ಕೆತ್ತಿದೆ. ಎಳೆಯವು ಸಿಕ್ಕಿದಾಗ ಅವರು ಹಾಗೆಯೇ ಇಡಿಯಾಗಿ ಹಾಕುತ್ತಿದ್ದರು, ಬಟ್ಟಲಿನಲ್ಲಿ ನೋಡಿದ್ದೇನೆ. ಕಾದ ಕಾವಲಿಯಲ್ಲಿ ಹಿಡಿಹಿಡಿಯಾಗಿ ಹುರಿದೆ. ಊರಿನಿಂದ ತಂದ ಬಿದಿರಿನ ಗೆರಸೆಯಲ್ಲಿ ಬಾಳೆಲೆಯ ಸೀಳು ಹಾಸಿ, ಅದರ ಮೇಲೆ ಬಿಡಿಬಿಡಿಯಾಗಿ ಹರಡಿ, ಮೊಸರು ಸೋಸುವ ತೆಳ್ಳನೆಯ ಒಗೆದ ಬಟ್ಟೆಯನ್ನು ಹೊದಿಸಿದೆ. ಉಳಿದಿದ್ದ ಮಸಾಲೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮುಚ್ಚಿದೆ. ಒಲೆ ಆರಿಸಿದೆ. ಗ್ಯಾಸ್ ಸಿಲಿಂಡರನ್ನೂ ಬಂದ್ ಮಾಡಿದೆ.

ಕೊಗ್ಗ ಬಾವ ಬಂದು ಗೆರಸೆಯನ್ನು ಸುತ್ತಲೂ ನೋಡಿದರು.

"ಇದು ಎಂತ, ಬಟ್ಟೆ? ತಟ್ಟೆ ಇಲ್ವಾ?"

"ಬಟ್ಟೆಯಿಂದ ಮುಚ್ಚಿದ್ದೇನೆ ಬಾವ. ಒಳಗೆ ಏನುಂಟು, ಹೇಳಿ ನೋಡುವ."

ಬಾವ ಬಗ್ಗಿ ನೋಡಿದರು. "ಕಾಣುದಿಲ್ಲ."

"ಅಷ್ಟೇ ಬೇಕಾದ್ದು."

"ನನ್ನ ಅಮ್ಮ ಬಟ್ಟೆಯ ವಿಷಯ ಹೇಳ್ಲಿಲ್ಲ."

"ತಟ್ಟೆಯ ವಿಷಯವೂ ಹೇಳ್ಲಿಲ್ಲ. ಮುಚ್ಚು ಅಂದ್ರು. ಅವರ ಕಾಲಕ್ಕೆ ಬಾಳೆಲೆ ಮುಚ್ಚುತ್ತಿದ್ದರು, ನಾನೇ ನೋಡಿದ್ದೇನೆ. ಸ್ಟೀಲ್ ತಟ್ಟೆ ನಾವು ತಂದದ್ದು."

ಬಾವ ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡರು. ಅವರಿಗೆ ನೆನಪಾಯಿತೆಂದು ಮುಖದಲ್ಲಿ ಕಂಡಿತು. "ಖಲಾಸ್, ಆಯ್ತು" ಎಂದರು. "ದೀಪ ಹಚ್ಚು."

ಸೂರ್ಯ ಬಂದರಿನ ಹಿಂದಿನ ಗುಡ್ಡಕ್ಕೆ ಇಳಿದಿದ್ದ. ಒಳಕೋಣೆಯಲ್ಲಿ ದೀಪ ಹಚ್ಚಿದೆವು, ಎಲೆ ಹಾಕಿದೆವು, ನೀರು ಇಟ್ಟೆವು, ಸೀಯಾಳ ಕೆತ್ತಿ ಇಟ್ಟೆವು. ಪ್ರೇಮನಾಥ ಒಂದೊಂದಾಗಿ ಬಡಿಸಿದ. ಕೊನೆಗೆ ನಾನು ಕುಳಿತು, ಬಟ್ಟೆ ಸರಿಸಿ, ಬೆಂಡೆಯನ್ನು ಮಸಾಲೆಯ ಬಟ್ಟಲಿಗೆ ಹಾಕಿ ಕೈಯಿಂದಲೇ ಹೊರಳಿಸಿದೆ. ಬೆರಳಿಗೆ ಒಂದು ನೂಲೂ ಅಂಟಲಿಲ್ಲ. ಹಸಿರು ಹಾಗೆಯೇ ಇತ್ತು. ಎಲೆಯಲ್ಲಿ ಅವರ ಬಲಗೈಗೆ ಸಮೀಪ ಸಿಗುವಲ್ಲಿ ಬಡಿಸಿದೆ.

ಬಾವ ಕೈಮುಗಿದು ಕರೆದರು. "ಸಂಕಪ್ಪ, ಬಾ. ನಿನ್ನ ಹೆಂಡತಿ, ಮಗ, ಸೊಸೆ ಬಡಿಸಿದ್ದಾರೆ. ಏನಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೋ. ನಿಧಾನ ಉಣ್ಣು."

ಬಾಗಿಲು ಮುಚ್ಚಿ ಹೊರಗೆ ಕುಳಿತೆವು. ಪ್ರೇಮನಾಥ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದ. ಅವನ ಬೆನ್ನು ಅಲುಗುತ್ತಿತ್ತು. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ಆ ತಿಂಗಳುಗಳಲ್ಲಿ ಎಷ್ಟೋ ಅತ್ತಿದ್ದೆ, ಮುಂದೆಯೂ ಅಳಲಿಕ್ಕಿತ್ತು. ಆದರೆ ಅವರು ಊಟಕ್ಕೆ ಕುಳಿತಿದ್ದಾಗ ಬಾಗಿಲಲ್ಲಿ ಕುಳಿತು ಅಳುವುದು ಸರಿಯೆನಿಸಲಿಲ್ಲ. ಮನಸ್ಸಿನಲ್ಲಿಯೇ ದೇವರ ನಾಮ ಹೇಳಿಕೊಂಡೆ. ಊಟ ಮುಗಿಸಲು ಬೇಕಾಗುವಷ್ಟು ಹೊತ್ತು ಕೊಟ್ಟೆವು. ಅವರು ಮೆಲ್ಲಗೆ ಉಣ್ಣುವವರು.

ಬಾವ ಎದ್ದು ಕೆಮ್ಮಿದರು, ಬಾಗಿಲು ತಟ್ಟಿದರು, ತೆರೆದರು. ದೀಪ ನೇರವಾಗಿ ಉರಿಯುತ್ತಿತ್ತು. ಬಾವ ನೀರಿನ ಲೋಟ ನೋಡಿ, "ಸ್ವಲ್ಪ ಇಳಿದಿದೆ" ಎಂದರು. ಇರಬಹುದು. ನಾನು ಲೋಟವನ್ನು ನೋಡಲಿಲ್ಲ.

ಅವರು ಉಂಡ ಎಲೆಯಲ್ಲಿರುವುದನ್ನು ಮನೆಯವರು ಹಂಚಿ ಉಣ್ಣಬೇಕು. ಮೊದಲ ತುತ್ತು ನನ್ನದು. ಎಲೆಯಿಂದ ಒಂದು ಬೆಂಡೆಯನ್ನು ಎತ್ತಿ ಬಾಯಿಗಿಟ್ಟೆ. ಅದು ಹಲ್ಲಿನಡಿ ಮುರಿಯಿತು. ಮೊದಲು ಮೆಣಸು ಬಂತು, ಹಿಂದೆಯೇ ಬೆಲಾಚಾನಿನ ಸುಟ್ಟ ವಾಸನೆ, ಹುಳಿ, ಆ ಚೂರು ಬೆಲ್ಲ. ಕಿವಿ ಬಿಸಿಯಾಯಿತು. ಅವರದ್ದೇ ಬೆಂಡೆ. ಅವರಿಗೆ ಅದು ಸಿಕ್ಕಿತು.

"ಹೇಗಿದೆ ಅತ್ತೆ?" ಎಂದು ಸ್ವರ್ಣಲತಾ ಕೇಳಿದಳು.

ನಾನು ಉತ್ತರ ಹೇಳುವ ಮೊದಲೇ ಕೊಗ್ಗ ಬಾವ ಎರಡು ಕಾಯಿಗಳನ್ನು ಬಾಯಿಗೆ ಹಾಕಿಕೊಂಡಿದ್ದರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು. "ಎಲ್ಲ ಸರಿ" ಎಂದು ಅಗಿಯುತ್ತಲೇ ಹೇಳಿದರು. "ಉಪ್ಪು ಒಂದು ಹರಳು ಕಡಿಮೆ."

"ಇರ್ಲಿ ಬಾವ" ಎಂದೆ. "ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಅವರಿಗೆ ಹೇಳಿ ಹೇಳಿ ಸಾಕಾಗಿತ್ತು. ಈಗಾದ್ರೂ ಕೇಳ್ಲಿ."

ಪ್ರೇಮನಾಥ ನಕ್ಕ. ಅಪ್ಪ ಹೋದ ಮೇಲೆ ಅವನು ನಕ್ಕದ್ದನ್ನು ಅಂದೇ ನಾನು ಕೇಳಿದ್ದು. ಸ್ವರ್ಣಲತಾ ನಮಗೆಲ್ಲ ಎಲೆ ಹಾಕಿದಳು. ನಾವು ಅವರ ಎಲೆಯ ಸುತ್ತ ಕುಳಿತೆವು, ಬಾವ ಬೆಂಡೆ ಸಾಕಾಗದೆ ಪ್ರೇಮನಾಥನ ಎಲೆಯಿಂದಲೂ ತೆಗೆದರು, ಮತ್ತು ಆಗ್ನೆಸ್ ಬಾಯಿಯ ಬಟ್ಟಲಿಗೆಂದು ನಾನು ಒಂದಷ್ಟನ್ನು ಮೊದಲೇ ತೆಗೆದಿಟ್ಟಿದ್ದೆ.